ಬ್ಲಾಂಡ್ ಕೂದಲು, ಬೋರ್‌ವೆಲ್ ನೀರು

ಕಳೆದ ವರ್ಷ ಫೆಸ್ಟ್‌ಗೆ ಮುಂಚೆ ನಮ್ಮ ಹಾಸ್ಟೆಲ್ ರೂಮಲ್ಲಿ ಒಂದು ದೊಡ್ಡ ತಪ್ಪು ನಡೀತು. ನಾವು ನಾಲ್ಕು ಜನ ರೂಮ್‌ಮೇಟ್ಸ್, ನಾಲ್ವರೂ ದಾವಣಗೆರೆ ಜಿಲ್ಲೆಯವರೇ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಡ್ಯಾನ್ಸ್ ಟೀಮಿಗೋಸ್ಕರ ಎಲ್ಲರೂ ಕೂದಲನ್ನು ಬ್ಲಾಂಡ್ ಮಾಡಿಕೊಂಡೆವು. ಮೂವರು ತುದಿಗೆ ಮಾತ್ರ ಹಚ್ಚಿಕೊಂಡ್ವಿ. ಜಗಳೂರಿನವಳು ಪೂರ್ತಿ ತಲೆಗೆ ಹಚ್ಚಿಸಿಕೊಂಡಳು. ಮೊದಲ ಸಲ ಕಿತ್ತಳೆ ಬಣ್ಣ ಬಂತು ಅಂತ ಅದೇ ದಿನ ನಾವೇ ಎರಡನೇ ಸಲ ಬ್ಲೀಚ್ ಹಚ್ಚಿದೆವು. ಫೋಟೋ ಏನೋ ಚೆನ್ನಾಗಿ ಬಂತು. ಆದ್ರೆ ತಿಂಗಳೊಳಗೆ ಅವಳ ಕೂದಲು ತೆಂಗಿನ ನಾರಿನ ಹಾಗಾಗಿ, ಬಾಚಣಿಗೆಯಲ್ಲಿ ತುಂಡು ತುಂಡಾಗಿ ಬರೋಕೆ ಶುರುವಾಯ್ತು. ಮನೆಯವರು ನೋಡ್ತಾರೆ ಅನ್ನೋ ಭಯಕ್ಕೆ ಅವಳು ದೀಪಾವಳಿಗೂ ಊರಿಗೆ ಹೋಗಲಿಲ್ಲ. ವೀಡಿಯೋ ಕಾಲ್ ಬಂದ್ರೆ ತಲೆ ಮೇಲೆ ದುಪಟ್ಟಾ.

ಆಮೇಲೆ ನಾವು ಓದಿ, ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೀವಿ. ದುಬಾರಿ ಸಾಮಾನಿನ ಪಟ್ಟಿ ಇದರಲ್ಲಿಲ್ಲ.

ಬ್ಲೀಚ್ ಏನು ಮಾಡತ್ತೆ?

ನಮ್ಮ ಕೂದಲು ಕಪ್ಪಾಗಿರೋದು ಮೆಲನಿನ್‌ನಿಂದ. ಬ್ಲೀಚ್ ಪುಡಿಯಲ್ಲಿರೋ ಪರ್ಸಲ್ಫೇಟ್ ಮತ್ತು ಡೆವಲಪರ್‌ನಲ್ಲಿರೋ ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಅದನ್ನು ಒಡೆಯುತ್ತವೆ. ಡಬ್ಬಿ ಮೇಲೆ 20 ವಾಲ್ಯೂಮ್ ಅಂದ್ರೆ 6% ಪೆರಾಕ್ಸೈಡ್, 30 ಅಂದ್ರೆ 9%, 40 ಅಂದ್ರೆ 12%. ಕಪ್ಪು ಕೂದಲು ನೇರವಾಗಿ ಬ್ಲಾಂಡ್ ಆಗಲ್ಲ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಅದಕ್ಕೇ ಕಪ್ಪು ಕೂದಲಿನವರಿಗೆ ಹಾನಿ ಜಾಸ್ತಿ.

ಬಣ್ಣದ ಜೊತೆ ಇನ್ನೂ ಎರಡು ಹೋಗುತ್ತವೆ. ಕೂದಲಿನ ಮೇಲಿರೋ ತೆಳುವಾದ ಕೊಬ್ಬಿನ ಪದರ ಹೋಗುತ್ತೆ. ಕೆರಟಿನ್‌ಗೆ ಗಟ್ಟಿತನ ಕೊಡೋ ಡೈಸಲ್ಫೈಡ್ ಬಂಧಗಳಲ್ಲಿ ಹಲವು ಮುರಿಯುತ್ತವೆ. ಅಲ್ಲಿ ಋಣ ಚಾರ್ಜ್ ಇರೋ ಜಾಗಗಳು ಉಂಟಾಗುತ್ತವೆ. ಈ ಋಣ ಚಾರ್ಜನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲಾ ಇದರದ್ದೇ.

ನೀರಿನ ಪಾಠ

ಹೊನ್ನಾಳಿಯವಳು ರಜೆಗೆ ಹೋಗಿ ಬಂದಾಗ ಅವಳ ಕೂದಲ ತುದಿ ಮೆತ್ತಗಾಗಿತ್ತು. ಶಾಂಪೂ ಅದೇ, ಕಂಡೀಷನರ್ ಅದೇ. ಬದಲಾಗಿದ್ದು ನೀರು ಮಾತ್ರ. ಅವರ ಮನೆಗೆ ಬರೋದು ತುಂಗಭದ್ರೆ ನೀರು, ನಮ್ಮ ಹಾಸ್ಟೆಲ್‌ದು ಬೋರ್‌ವೆಲ್.

ಮುಂದಿನ ಸಲ ಮೂವರೂ ಊರಿಂದ ಬಾಟಲಿಯಲ್ಲಿ ಮನೆ ನೀರು ತಂದ್ವಿ. ಜಗಳೂರಿನ ನೀರನ್ನು ಅದೇ ಕಡೆಯ ಜೂನಿಯರ್ ಒಬ್ಬಳು ತಂದುಕೊಟ್ಟಳು. ಅರ್ಧ ಬಾಟಲಿ ನೀರಿಗೆ ಒಂದೇ ಅಳತೆಯ ಮೈಸೋಪಿನ ಚೂರು ಹಾಕಿ ಕುಲುಕಿದೆವು. ಹೊನ್ನಾಳಿ ಬಾಟಲಿಯಲ್ಲಿ ನೊರೆ ಕತ್ತಿನವರೆಗೆ ಬಂತು. ಜಗಳೂರಿನ ಬೋರ್ ನೀರಲ್ಲಿ ನೊರೆ ಇಲ್ಲ, ಬಿಳೀ ಕೆನೆಯಂಥದ್ದು ತೇಲಿತು. ಚನ್ನಗಿರಿ, ನ್ಯಾಮತಿ ನೀರು ನಡುವೆ ನಿಂತವು. ಹಾಸ್ಟೆಲ್ ನೀರು ಜಗಳೂರಿನದ್ದಕ್ಕೇ ಜೋಡಿ!

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಧನ ಅಯಾನುಗಳು. ಬ್ಲೀಚ್ ಆದ ಕೂದಲಿನ ಋಣ ಜಾಗಗಳಿಗೆ ಅವು ಹೋಗಿ ಅಂಟಿಕೊಳ್ಳುತ್ತವೆ. ಒರಟುತನ, ಮಂಕು ಬಣ್ಣ ಎರಡಕ್ಕೂ ಇದು ಕಾರಣ. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ರೆ 600ರವರೆಗೆ ಒಪ್ಪುತ್ತಾರೆ. ಅಂದ್ರೆ ಕುಡಿಯೋಕೆ ಪಾಸಾದ ನೀರು ಕೂದಲಿಗೆ ಫೇಲ್ ಆಗಬಹುದು.

ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ವೈನ್ ರೆಡ್ ಬಣ್ಣ ನೀಲಿಗೆ ತಿರುಗೋ ಟೈಟ್ರೇಶನ್ ನೆನಪಿದೆಯಾ? ಬ್ಯುರೆಟ್‌ನಲ್ಲಿದ್ದ ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಕೊಳ್ಳುತ್ತಿತ್ತು. ಕೀಲೇಟಿಂಗ್ ಶಾಂಪೂ ಅನ್ನೋದು ಅದೇ ಕೆಲಸವನ್ನು ತಲೆ ಮೇಲೆ ಮಾಡತ್ತೆ. ರೆಕಾರ್ಡ್ ಬರೆಯುವಾಗ ಇದೆಲ್ಲಾ ಯಾಕೆ ಅಂತ ಬೈದುಕೊಂಡಿದ್ವಿ!

ನಮ್ಮ ವಾರದ ಕ್ರಮ

1. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಕೂದಲಿನ ಉದ್ದಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ. ಇದು ಅಜ್ಜಿ ಮಾತು ಮಾತ್ರ ಅಲ್ಲ. ಕೊಬ್ಬರಿ ಎಣ್ಣೆ ಕೂದಲಿನೊಳಗೆ ಇಳಿದು ಪ್ರೋಟೀನ್ ನಷ್ಟ ಕಡಿಮೆ ಮಾಡತ್ತೆ ಅಂತ 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆ ತೋರಿಸಿದೆ.

2. ವಾರಕ್ಕೆ ಎರಡೇ ಸಲ ತಲೆಸ್ನಾನ. ಸಲ್ಫೇಟ್ ಇಲ್ಲದ ಮೃದು ಶಾಂಪೂ, ಬುಡಕ್ಕೆ ಮಾತ್ರ. ನೀರು ಉಗುರುಬೆಚ್ಚಗಿರಲಿ. ಮೈಸೋಪು ಬೇಡವೇ ಬೇಡ. ಸೀಗೆಪುಡಿಯ ಕಂದು ಬಣ್ಣ ಬ್ಲಾಂಡ್‌ಗೆ ಹತ್ತಬಹುದು.

3. ಪ್ರತಿ ಸಲ ಕಂಡೀಷನರ್, ಎರಡು ಮೂರು ನಿಮಿಷ. ಅದರಲ್ಲಿರೋ ಧನ ಚಾರ್ಜ್‌ನ ಅಣುಗಳು ಹಾನಿಯಾದ ಜಾಗಕ್ಕೇ ಹೋಗಿ ಕೂರುತ್ತವೆ.

4. ಹಳದಿ ಜಾಸ್ತಿ ಕಂಡಾಗ ವಾರಕ್ಕೊಮ್ಮೆ ನೇರಳೆ ಶಾಂಪೂ. ಬಣ್ಣದ ಚಕ್ರದಲ್ಲಿ ಹಳದಿಗೆ ಎದುರು ನೇರಳೆ, ಕಿತ್ತಳೆಗೆ ಎದುರು ನೀಲಿ. ಎರಡು ಮೂರು ನಿಮಿಷ ಸಾಕು, ಮರೆತು ಕೂತರೆ ಕೂದಲೇ ನೇರಳೆ.

5. ಹದಿನೈದು ದಿನಕ್ಕೊಮ್ಮೆ ಕೀಲೇಟಿಂಗ್ ಶಾಂಪೂ, ಹಿಂದೆಯೇ ಕಂಡೀಷನರ್.

6. ಕೊನೆಯ ಎರಡು ಚೊಂಬು ಫಿಲ್ಟರ್ ನೀರು. ಊರಲ್ಲಾದ್ರೆ ಕಾಯಿನ್ ಹಾಕೋ ಶುದ್ಧ ನೀರಿನ ಘಟಕದ ಕ್ಯಾನ್ ಇದ್ದೇ ಇರತ್ತೆ. ನೀರು ಕುದಿಸಿದ್ರೆ ತಾತ್ಕಾಲಿಕ ಗಡಸುತನ ಮಾತ್ರ ಹೋಗೋದು.

7. ಒದ್ದೆ ಕೂದಲನ್ನು ಟವೆಲ್‌ನಲ್ಲಿ ಉಜ್ಜಬೇಡಿ. ಹಳೇ ಕಾಟನ್ ಟೀಶರ್ಟ್‌ನಲ್ಲಿ ಒತ್ತಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಸ್ಟ್ರೈಟ್ನರ್ ದೂರ ಇಡಿ. ಬಿಸಿಲಿಗೆ ಹೋಗುವಾಗ ದುಪಟ್ಟಾ ಹೊದ್ದುಕೊಳ್ಳಿ.

ಇವನ್ನು ಮಾಡಬೇಡಿ

ಮೆಹಂದಿ ಹಾಕಿದ ಕೂದಲಿಗೆ ಬ್ಲೀಚ್ ಬೇಡ. ಕೆಲವು ಪ್ಯಾಕೆಟ್ ಮೆಹಂದಿಯಲ್ಲಿ ಲೋಹದ ಲವಣ ಇರುತ್ತೆ, ಪೆರಾಕ್ಸೈಡ್ ಸೇರಿದ್ರೆ ಬಿಸಿಯೇರಿ ಕೂದಲು ಸುಡಬಹುದು. ಬಣ್ಣಕ್ಕೆ 48 ಗಂಟೆ ಮುಂಚೆ ಕಿವಿ ಹಿಂದೆ ಹಚ್ಚಿ ಅಲರ್ಜಿ ನೋಡಿ. ನೆತ್ತಿ ಉರಿದ್ರೆ ತಕ್ಷಣ ತೊಳೀರಿ, ಗಾಯವಾದ್ರೆ ಡಾಕ್ಟರ್ ಹತ್ರ ಹೋಗಿ. ಬುಡ ಕಪ್ಪಾಯ್ತು ಅಂತ ಮತ್ತೆ ಪೂರ್ತಿ ಕೂದಲಿಗೆ ಬ್ಲೀಚ್ ಹಾಕಬೇಡಿ.

ಚನ್ನಗಿರಿ, ನ್ಯಾಮತಿ ಕಡೆಯ ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್ ಇರುತ್ತೆ. ಬ್ಲಾಂಡ್ ಕೂದಲು ಹಸಿರಾಗೋದು ತಾಮ್ರದಿಂದಲೇ. ಸ್ಪ್ರೇ ದಿನ ತೋಟಕ್ಕೆ ಹೋದ್ರೆ ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿ.

ಕೊನೆಗೆ

ಮುರಿದ ಬಂಧಗಳನ್ನು ಯಾವ ಎಣ್ಣೆಯೂ ಮೊದಲಿನ ಹಾಗೆ ಮಾಡಲ್ಲ. ಇರೋದನ್ನು ಉಳಿಸಿಕೊಳ್ಳಬಹುದು ಅಷ್ಟೇ. ಜಗಳೂರಿನವಳು ಭುಜದವರೆಗೆ ಕತ್ತರಿಸಿಕೊಂಡು ಈ ಕ್ರಮ ಹಿಡಿದಳು. ಬಾಚಣಿಗೆಯಲ್ಲಿ ತುಂಡು ಬರೋದು ಕಡಿಮೆಯಾಯ್ತು. ಯುಗಾದಿಗೆ ಧೈರ್ಯ ಮಾಡಿ ಊರಿಗೆ ಹೋದಳು. ಅವರಮ್ಮ ನೋಡಿ, "ಏನವ್ವಾ ಇದು, ಕೂದ್ಲು ಹಿಂಗ್ಯಾಕ್ ಆಗೈತೆ? ಇದಕ್ಕಾ ದೀಪಾವಳಿಗೆ ಬರ್ಲಿಲ್ಲ ನೀನು?" ಅಂದರಂತೆ. ಬೈದದ್ದು ಬಣ್ಣಕ್ಕಲ್ಲ, ಬರದೇ ಇದ್ದಿದ್ದಕ್ಕೆ. ಆಮೇಲೆ ಎಣ್ಣೆ ಬಟ್ಟಲು ತಂದು ಕೂರಿಸಿಕೊಂಡರಂತೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯತ್ತೆ, ಕಾಯಬಹುದು. ಬಣ್ಣ ಹಚ್ಚಿಕೊಳ್ಳೋದು ನಿಮ್ಮಿಷ್ಟ. ಆದ್ರೆ ಹಚ್ಚೋ ಮುಂಚೆ ಬಾಟಲಿಯಲ್ಲಿ ನಿಮ್ಮ ನೀರನ್ನೊಮ್ಮೆ ಕುಲುಕಿ ನೋಡಿ. ಏನಾದ್ರೂ ಎಡವಟ್ಟಾದ್ರೆ ಮನೆಯವರಿಂದ ಮುಚ್ಚಿಟ್ಟು ಹಬ್ಬ ತಪ್ಪಿಸಿಕೊಳ್ಳಬೇಡಿ.