ಎಚ್ ಸೊನ್ನೆಯೋ, ಅಲ್ಲವೋ?

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಭೌತಶಾಸ್ತ್ರದಲ್ಲಿ ಆಗಲೇ ಡಿಫರೆನ್ಸಿಯೇಷನ್ ಮಾಡಿಸುತ್ತಿದ್ದಾರೆ. ಸೂತ್ರ ಹಾಕಿದರೆ ಉತ್ತರ ಬರುತ್ತದೆ. ಆದರೆ ಸೂತ್ರ ಬಂದ ಬಗೆಯನ್ನು ನೋಡಿದರೆ, ಮೊದಲು ಎಚ್‌ನಿಂದ ಭಾಗಿಸಿ ಆಮೇಲೆ ಅದೇ ಎಚ್ ಸೊನ್ನೆ ಎನ್ನುತ್ತಾರೆ. ಸೊನ್ನೆಯಿಂದ ಭಾಗಿಸಬಾರದು ಎಂದಲ್ಲವೇ ಕಲಿತದ್ದು? ಇದು ಮೋಸವಲ್ಲವೇ?
(ಪಿಯು ವಿದ್ಯಾರ್ಥಿನಿ, ಸೊರಬ ತಾಲ್ಲೂಕು)

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಅನುಮಾನ ಇಷ್ಟು: ಭಾಗಿಸುವಾಗ ಎಚ್ ಸೊನ್ನೆಯಲ್ಲ, ಭಾಗಿಸಿ ಮುಗಿದ ಮೇಲೆ ಸೊನ್ನೆ, ಒಂದೇ ಅಕ್ಷರ ಎರಡೂ ಆಗುವುದು ಹೇಗೆ? ಐರ್ಲೆಂಡಿನ ಜಾರ್ಜ್ ಬರ್ಕ್ಲಿ ಎಂಬ ಬಿಷಪ್ ಕೂಡ 1734ರಲ್ಲಿ ಇದನ್ನೇ ಕೇಳಿದ್ದರು. ಈ ಲೆಕ್ಕವನ್ನು ಕಟ್ಟಿದವರಲ್ಲಿ ಒಬ್ಬರಾದ ನ್ಯೂಟನ್ ತೀರಿಕೊಂಡು ಆಗ ಏಳು ವರ್ಷ. ಆ ಆಕ್ಷೇಪಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ಫ್ರಾನ್ಸಿನ ಕೋಶಿ 1821ರ ತಮ್ಮ ಪುಸ್ತಕದಲ್ಲಿ ಲಿಮಿಟ್ ಅನ್ನು ಇಡೀ ವಿಷಯಕ್ಕೆ ತಳಹದಿ ಮಾಡಿದ ಮೇಲೆ. ದೊಡ್ಡ ದೊಡ್ಡವರಿಗೇ ಹೆಚ್ಚುಕಡಿಮೆ ನೂರು ವರ್ಷ ಹಿಡಿದ ವಿಷಯ ನಿಮಗೆ ಒಂದು ಪೀರಿಯಡ್‌ನಲ್ಲಿ ತಿಳಿಯಲಿಲ್ಲ ಎಂದು ನಾಚಿಕೊಳ್ಳಬೇಕಿಲ್ಲ.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬರುವ ಬಸ್ಸನ್ನು ತೆಗೆದುಕೊಳ್ಳಿ. ಲೆಕ್ಕ ಸಲೀಸಾಗಲೆಂದು ದೂರ 40 ಕಿ.ಮೀ., ಹಿಡಿದ ಹೊತ್ತು ಒಂದೂಕಾಲು ಗಂಟೆ ಎನ್ನೋಣ. ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಹೈಸ್ಕೂಲಿನಲ್ಲಿ ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಶಿರಾಳಕೊಪ್ಪದ ನಿಲ್ದಾಣದಲ್ಲಿ ನಿಂತಿದ್ದಾಗ ಬಸ್ಸಿನ ವೇಗ 32 ಅಲ್ಲ, ಸೊನ್ನೆ. ಖಾಲಿ ರಸ್ತೆಯಲ್ಲಿ ಅದು 60 ಇದ್ದೀತು. ಡ್ರೈವರ್ ಮುಂದಿನ ಮುಳ್ಳು ತೋರಿಸುವುದು ಆಯಾ ಕ್ಷಣದ ವೇಗವನ್ನು. ಆ ವೇಗವನ್ನು ಲೆಕ್ಕ ಹಾಕಿ ತೆಗೆಯಿರಿ ಎಂದರೆ ತೊಡಕು ಶುರು: ಒಂದು ಕ್ಷಣದಲ್ಲಿ ಸಾಗಿದ ದೂರವೂ ಸೊನ್ನೆ, ಹಿಡಿದ ಹೊತ್ತೂ ಸೊನ್ನೆ.

ಕ್ಷಣದ ವೇಗ ಬೇಕೆಂಬ ಆಸೆ ಹಳೆಯದು. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಗ್ರಹದ ದಿನದ ಗತಿ ಬೇರೆ, ಆ ಹೊತ್ತಿನ ತಾತ್ಕಾಲಿಕ ಗತಿ ಬೇರೆ ಎಂದು ಆಗಲೇ ವಿಂಗಡಿಸಿದ್ದರು. ನಿಮ್ಮ ನೆರೆಯ ಬಳ್ಳಿಗಾವೆಯ ಕೋಡಿಯಮಠದಲ್ಲಿ ಏನೇನು ಓದಿಸುತ್ತಿದ್ದರು ಎಂದು ಹೇಳುವ ಶಾಸನ 1162ರದು. ಹೆಚ್ಚುಕಡಿಮೆ ಅದೇ ಕಾಲ.

ಈಗ ಲೆಕ್ಕ ಮಾಡಿಯೇ ನೋಡೋಣ. ನಿಲ್ದಾಣದಿಂದ ಹೊರಟ ಬಸ್ಸು, ಕಳೆದ ಸೆಕೆಂಡುಗಳ ವರ್ಗ ಎಷ್ಟೋ ಅಷ್ಟು ಮೀಟರ್ ಸಾಗುತ್ತದೆ ಎಂದುಕೊಳ್ಳಿ. (ನಮ್ಮ ಬಸ್ಸುಗಳು ಅಷ್ಟು ಚುರುಕಾಗಿ ಹೊರಡುವುದಿಲ್ಲ, ನಿಜ.) 3ನೇ ಸೆಕೆಂಡಿಗೆ 9 ಮೀಟರ್, 4ನೆಯದಕ್ಕೆ 16 ಮೀಟರ್. ಈ ನಡುವಿನ ಸರಾಸರಿ ವೇಗ ಸೆಕೆಂಡಿಗೆ 7 ಮೀಟರ್. 3ರಿಂದ 3.1ರವರೆಗೆ ನೋಡಿದರೆ 6.1. 3ರಿಂದ 3.01ರವರೆಗೆ 6.01. ಈ 1, 0.1, 0.01 ಇವುಗಳಿಗೆಲ್ಲ ಒಟ್ಟಿಗೆ ಇಟ್ಟ ಹೆಸರೇ ನಿಮ್ಮ ಎಚ್. 3ರಿಂದ 3 + ಎಚ್‌ವರೆಗೆ ಸಾಗಿದ ದೂರ (3 + ಎಚ್)² − 9, ಅಂದರೆ 6ಎಚ್ + ಎಚ್². ಎಚ್‌ನಿಂದ ಭಾಗಿಸಿದರೆ 6 + ಎಚ್.

ಇಲ್ಲಿಯವರೆಗೆ ಎಚ್ ಎಲ್ಲಿಯೂ ಸೊನ್ನೆಯಾಗಿಲ್ಲ, ಗಮನಿಸಿ. ಮುಂದೆಯೂ ಆಗಬೇಕಾಗಿಲ್ಲ. ನಾವು ಕೇಳುತ್ತಿರುವುದು, ಎಚ್ ಚಿಕ್ಕದಾಗುತ್ತ ಹೋದರೆ 6 + ಎಚ್ ಯಾವ ಸಂಖ್ಯೆಯ ಹತ್ತಿರ ಹೋಗುತ್ತದೆ ಎಂದು ಮಾತ್ರ. ಉತ್ತರ 6. ‘ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು’ ಎಂದು ನೀವು ಹಟ ಹಿಡಿದರೆ ನಾನು ಎಚ್ ಅನ್ನು 0.001ಕ್ಕಿಂತ ಚಿಕ್ಕದಾಗಿ ಇಡುತ್ತೇನೆ. ನೀವು ಎಷ್ಟೇ ಬಿಗಿ ಮಾಡಿದರೂ ಸೊನ್ನೆಯನ್ನು ಮುಟ್ಟದೆಯೇ ನಿಮ್ಮ ಷರತ್ತನ್ನು ಪೂರೈಸಬಲ್ಲೆ. ಲಿಮಿಟ್ ಎಂದರೆ ಇಷ್ಟೇ.

ಹಾಗಾದರೆ ಬೋರ್ಡಿನ ಮೇಲೆ ಎಚ್ = 0 ಎಂದು ಹಾಕುವುದೇಕೆ? ಅದೊಂದು ಅಡ್ಡದಾರಿ, ಆದರೆ ಸರಿಯಾದ ಅಡ್ಡದಾರಿ. ಸೊನ್ನೆ ಹಾಕುವುದು ಭಾಗಾಕಾರ ಇದ್ದ ಹಳೆಯ ಸಾಲಿಗಲ್ಲ, 6 + ಎಚ್ ಎಂಬ ಹೊಸ ಸಾಲಿಗೆ. ಎಚ್ ಸೊನ್ನೆಯಲ್ಲದ ಕಡೆಯೆಲ್ಲ ಎರಡಕ್ಕೂ ಬೆಲೆ ಒಂದೇ. ಹೊಸದಕ್ಕೆ ಸೊನ್ನೆಯಲ್ಲೂ ಮುರುಕಿಲ್ಲ. ಆದ್ದರಿಂದ ಲಿಮಿಟ್ ಸುಮ್ಮನೆ ಹಾಗೇ ಸಿಕ್ಕಿಬಿಡುತ್ತದೆ. ಈ ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳದೆ ಮುಂದಕ್ಕೆ ಹೋಗುವುದರಿಂದಲೇ ಮೋಸದ ಗುಮಾನಿ ಹುಟ್ಟುವುದು.

ಅಡ್ಡದಾರಿ ಇಲ್ಲದ ಲೆಕ್ಕವೂ ಉಂಟು. ಸೈನ್ ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಿದಾಗ ಹೊಡೆದುಹಾಕಲು ಏನೂ ಸಿಗುವುದಿಲ್ಲ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಎಕ್ಸ್ 0.1 ಇಟ್ಟರೆ 0.9983, 0.01 ಇಟ್ಟರೆ 0.99998, ಅದು 1ರ ಕಡೆಗೆ ಹೋಗುತ್ತಿರುವುದು ಕಾಣುತ್ತದೆ. ನಿಮಗೆ 0.01745 ಬಂದರೆ ಗಾಬರಿಯಾಗಬೇಡಿ: ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ, ರೇಡಿಯನ್‌ಗೆ ಬದಲಿಸಿ. ಕ್ಯಾಲ್ಕುಲಸ್‌ನಲ್ಲಿ ಕೋನವನ್ನು ರೇಡಿಯನ್‌ನಲ್ಲೇ ಅಳೆಯುವುದಕ್ಕೆ ಮುಖ್ಯ ಕಾರಣವೂ ಇದೇ, ಉತ್ತರ ಚೊಕ್ಕ 1 ಬರುತ್ತದೆ.

ಇನ್ನು ಪಾಠದ ಕ್ರಮ. ಭೌತಶಾಸ್ತ್ರದಲ್ಲಿ ಚಲನೆಯ ಅಧ್ಯಾಯ ವರ್ಷದ ಆರಂಭದಲ್ಲೇ ಬರುತ್ತದೆ, ಅಲ್ಲಿ ಡಿಫರೆನ್ಸಿಯೇಷನ್ ಬೇಕೇ ಬೇಕು. ಗಣಿತದಲ್ಲಿ ಆಗಿನ್ನೂ ಗಣಗಳ ಪಾಠ. ಲಿಮಿಟ್ ಬರುವುದು ಪುಸ್ತಕದ ಕೊನೆಯ ಭಾಗದಲ್ಲಿ. ಹೀಗಾಗಿ ಬಳಸುವುದು ಮೊದಲು, ತಿಳಿಯುವುದು ಆಮೇಲೆ. ಇದು ನಿಮ್ಮ ತಪ್ಪಲ್ಲ, ಹೊಂದಾಣಿಕೆ ಮಾಡದವರದು ಎಂದೇ ನನ್ನ ಅಭಿಪ್ರಾಯ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೂ ಅನುಮಾನವನ್ನು ಕನ್ನಡದಲ್ಲೇ ಕೇಳಿ. ಚಿಹ್ನೆಗಳು ಎರಡು ಭಾಷೆಗೂ ಒಂದೇ.

ಗಣಿತದ ಪಾಠ ಬರುವವರೆಗೆ ಕಾಯಬೇಡಿ. ನಿಮ್ಮ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಲಿಮಿಟ್ ಅಧ್ಯಾಯದ ಆರಂಭವನ್ನು ಈಗಲೇ ತೆರೆಯಿರಿ. ಎತ್ತರದಿಂದ ಬೀಳುವ ವಸ್ತು 2ನೇ ಸೆಕೆಂಡಿನಲ್ಲಿ ಯಾವ ವೇಗದಲ್ಲಿರುತ್ತದೆ ಎಂಬ ಲೆಕ್ಕ ಅಲ್ಲಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ದಾಟಿಸಿಬಿಡುವುದೇ ಹೆಚ್ಚು. ಬಿದ್ದ ದೂರ, ಸೆಕೆಂಡಿನ ವರ್ಗದ 4.9 ಪಟ್ಟು. 1.99ರಿಂದ 2ರವರೆಗೆ ಸರಾಸರಿ ವೇಗ ಸೆಕೆಂಡಿಗೆ 19.551 ಮೀಟರ್, 2ರಿಂದ 2.01ರವರೆಗೆ 19.649. ಹಿಂದಿನಿಂದ ಬಂದರೂ ಮುಂದಿನಿಂದ ಬಂದರೂ ನಡುವೆ ಸಿಕ್ಕಿಕೊಳ್ಳುವ ಸಂಖ್ಯೆ ಯಾವುದು? 1.999 ಮತ್ತು 2.001 ಇಟ್ಟು ಮುಂದಿನ ಎರಡು ಸಾಲನ್ನು ನೀವೇ ಮಾಡಿ, ಬಂದ ಉತ್ತರವನ್ನು ಭೌತಶಾಸ್ತ್ರದ ಸೂತ್ರ ಕೊಡುವ 9.8 × 2ರ ಜೊತೆ ತಾಳೆ ನೋಡಿ.