ಉಳಿದ ವೋಲ್ಟೇಜು ಎಲ್ಲಿ ಹೋಯಿತು?

ಪ್ರಶ್ನೆ: 9 ವೋಲ್ಟ್ ಬ್ಯಾಟರಿಗೆ 1 ಮೆಗಾಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿದೆ. ಒಂದೊಂದಕ್ಕೂ 4.5 ವೋಲ್ಟ್ ಬರಬೇಕಲ್ಲವೇ? ಡಿಜಿಟಲ್ ಮಲ್ಟಿಮೀಟರು ಎರಡಕ್ಕೂ 4.29 ತೋರಿಸುತ್ತಿದೆ. ಬ್ಯಾಟರಿಗೇ ಹಿಡಿದರೆ ಸರಿಯಾಗಿ 9! ಉಳಿದದ್ದು ಎಲ್ಲಿ ಹೋಯಿತು?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ

ಉತ್ತರ: ನಿಮ್ಮ ಲೆಕ್ಕವೂ ಸರಿ, ಮೀಟರೂ ಸರಿ. ಆದರೆ ಲೆಕ್ಕ ಹಾಕಿದ ಮಂಡಲ ಬೇರೆ, ಅಳೆದ ಮಂಡಲ ಬೇರೆ. ಮೀಟರಿನ ಎರಡು ಪ್ರೋಬುಗಳನ್ನು ರೆಸಿಸ್ಟರಿನ ತುದಿಗಳಿಗೆ ಮುಟ್ಟಿಸಿದೊಡನೆ ಮೀಟರು ತಾನೂ ಅದಕ್ಕೆ ಸಮಾಂತರವಾಗಿ ಸೇರಿಕೊಳ್ಳುತ್ತದೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ ಸುಮಾರು 10 ಮೆಗಾಓಮ್. ಪಠ್ಯಪುಸ್ತಕದ ಲೆಕ್ಕಗಳಲ್ಲಿ ವೋಲ್ಟ್‌ಮೀಟರಿನ ರೋಧ ಅನಂತ ಎಂದು ಹಿಡಿಯುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ.

ಇಂಥ ಮಿಶ್ರ ಮಂಡಲದಲ್ಲಿ ಮೊದಲು ಸಮಾಂತರದ ಜೋಡಿಯನ್ನು ಒಂದೇ ರೋಧವಾಗಿ ಮಾಡಿಕೊಳ್ಳಬೇಕು. ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿ: 1 × 10 ÷ 11 = 0.909 ಮೆಗಾಓಮ್. ಇನ್ನು ಉಳಿದದ್ದು ಬರೀ ಸರಣಿ: 0.909ರ ಜೊತೆಗೆ 1, ಒಟ್ಟು 1.909. ಸರಣಿಯಲ್ಲಿ ಹರಿಯುವ ಪ್ರವಾಹ ಎಲ್ಲೆಡೆ ಒಂದೇ ಆದ್ದರಿಂದ ಯಾವ ರೋಧ ಹೆಚ್ಚೋ ಅದಕ್ಕೆ ವೋಲ್ಟೇಜಿನ ಪಾಲೂ ಹೆಚ್ಚು. 9 × 0.909 ÷ 1.909 = 4.29. ನೀವು ಕಂಡದ್ದು ಇದೇ.

ಆ ಹೊತ್ತಿನಲ್ಲಿ ಮೀಟರು ಮುಟ್ಟದ ರೆಸಿಸ್ಟರಿಗೆ 4.71 ವೋಲ್ಟ್ ಬಂದಿರುತ್ತದೆ. ಎರಡೂ ಸೇರಿದರೆ 9. ಕಿರ್ಚಾಫ್ 1845ರಲ್ಲಿ ಕೊಟ್ಟ ನಿಯಮಕ್ಕೆ ಎಲ್ಲೂ ಭಂಗವಿಲ್ಲ. ಆ 4.71 ಅಳೆಯೋಣವೆಂದು ನೀವು ಪ್ರೋಬುಗಳನ್ನು ಅತ್ತ ಒಯ್ದಿರಿ. ಆಗ ಅಲ್ಲಿ 4.29 ಆಯಿತು, 4.71 ಇತ್ತ ಬಂತು. ಎರಡು ಬೇರೆ ಬೇರೆ ಮಂಡಲಗಳ ಅಳತೆಯನ್ನು ಕೂಡಿದ್ದರಿಂದಲೇ ಮೊತ್ತ ಕಡಿಮೆ ಬಿತ್ತು.

ಮುಳ್ಳಿನ ಮೀಟರಾಗಿದ್ದರೆ ಇನ್ನೂ ಗಾಬರಿಯಾಗುತ್ತಿದ್ದಿರಿ. ಪ್ರತಿ ವೋಲ್ಟಿಗೆ 20,000 ಓಮ್ ಎಂದು ಬರೆದಿರುವ ಮೀಟರು 10 ವೋಲ್ಟಿನ ರೇಂಜಿನಲ್ಲಿ ಬರೀ 0.2 ಮೆಗಾಓಮ್. ಅದೇ ಸೂತ್ರ ಹಾಕಿ ನೋಡಿ, ಮುಳ್ಳು 1.29 ವೋಲ್ಟಿಗೇ ನಿಲ್ಲುತ್ತದೆ. ಚೆನ್ನಾಗಿರುವ ರೆಸಿಸ್ಟರನ್ನು ಕೆಟ್ಟಿದೆಯೆಂದು ಎಸೆಯುವಷ್ಟು ವ್ಯತ್ಯಾಸ!

ಬ್ಯಾಟರಿಯ ಒಳರೋಧ ಕೆಲವೇ ಓಮ್ ಆದ್ದರಿಂದ ಅಲ್ಲಿ ಮೀಟರಿನ ಪ್ರಭಾವ ಗೊತ್ತೇ ಆಗುವುದಿಲ್ಲ. ಈಗ ಕಂದು-ಕಪ್ಪು-ಹಸಿರು ಪಟ್ಟಿಯ ರೆಸಿಸ್ಟರುಗಳನ್ನು ತೆಗೆದು, ಕಂದು-ಕಪ್ಪು-ಕೆಂಪು ಪಟ್ಟಿಯವನ್ನು, ಅಂದರೆ 1 ಕಿಲೋಓಮಿನವನ್ನು ಹಾಕಿ ಅಳೆಯಿರಿ. ಕೊನೆಯಲ್ಲಿ ಚಿನ್ನದ ಬಣ್ಣದ ಪಟ್ಟಿಯಿದ್ದರೆ ಬೆಲೆಯಲ್ಲಿ ಶೇಕಡಾ 5ರವರೆಗೆ ಹೆಚ್ಚುಕಡಿಮೆ ಇರಬಹುದು. ಎರಡು ಅಳತೆಗಳೂ 4.5ರ ಆಸುಪಾಸಿನಲ್ಲಿ ಬರುತ್ತವೆ, ಕೂಡಿದರೆ ಬ್ಯಾಟರಿಯ ವೋಲ್ಟೇಜು ಪೂರ್ತಿ ಸಿಗುತ್ತದೆ.