ಹಳೆ ಮೊಬೈಲ್ ಮಾರಿದರೆ ತೆರಿಗೆ ಕಟ್ಟಬೇಕೇ?

ಪರೀಕ್ಷೆ ಮುಗಿದ ಕೂಡಲೇ ನಮ್ಮ ಕಾಲೇಜಿನಲ್ಲಿ ಒಂದು ಸಣ್ಣ ಸಂತೆ ಶುರುವಾಗುತ್ತದೆ. ಪಠ್ಯಪುಸ್ತಕ, ಗೈಡ್, ಕ್ಯಾಲ್ಕುಲೇಟರ್, ಸೈಕಲ್, ಹಳೆ ಮೊಬೈಲ್ ಎಲ್ಲದರ ಫೋಟೊ ಓಎಲ್‌ಎಕ್ಸ್‌ಗೋ ವಾಟ್ಸ್‌ಆ್ಯಪ್ ಗುಂಪಿಗೋ ಹೋಗುತ್ತದೆ. ಹಣ ಯುಪಿಐ ಮೂಲಕ ಅಬ್ಬು ಅಥವಾ ಅಮ್ಮಿಯ ಖಾತೆಗೆ ಬರುತ್ತದೆ. ಆಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಇದಕ್ಕೂ ಟ್ಯಾಕ್ಸ್ ನೋಟಿಸ್ ಬಂದರೆ?"

ಈ ಭಯಕ್ಕೆ ಕಾರಣವಿದೆ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು "ನಗದು ಮಾತ್ರ" ಎಂದು ಬರೆದರು. ಆದರೆ ಆ ನೋಟಿಸುಗಳು ಜಿಎಸ್‌ಟಿಗೆ ಸಂಬಂಧಿಸಿದ್ದವು. ಜಿಎಸ್‌ಟಿ ಬರುವುದು ವ್ಯಾಪಾರಕ್ಕೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಬೇಕು. ತಾನು ಬಳಸಿದ ಮೊಬೈಲನ್ನು ಮಾರುವ ವಿದ್ಯಾರ್ಥಿ ವ್ಯಾಪಾರಿಯಲ್ಲ. ಆದ್ದರಿಂದ ಅವನ ಮಾರಾಟಕ್ಕೆ ಜಿಎಸ್‌ಟಿ ಇಲ್ಲ.

ಇನ್ನು ಆದಾಯ ತೆರಿಗೆ. ಈ ಪಾಠ ಮುಖ್ಯವಾಗಿ ಅದರ ಬಗ್ಗೆ. ಇಲ್ಲಿನ ಲೆಕ್ಕಗಳೆಲ್ಲ 2025-26ರ ಹಣಕಾಸು ವರ್ಷದವು.

ಕಾನೂನು ಏನು ಹೇಳುತ್ತದೆ?

ಖಾತೆಗೆ ಬಂದ ಹಣವೆಲ್ಲ ಆದಾಯವಲ್ಲ. ಲೆಕ್ಕಶಾಸ್ತ್ರದಲ್ಲಿ ನಾವು ಬಂಡವಾಳ ಸ್ವೀಕೃತಿ, ರಾಜಸ್ವ ಸ್ವೀಕೃತಿ ಎಂದು ಬೇರೆ ಮಾಡಿ ಓದುತ್ತೇವಲ್ಲ, ಇಲ್ಲಿಯೂ ಮೊದಲ ಹೆಜ್ಜೆ ಅದೇ. ಇದ್ದ ವಸ್ತುವನ್ನು ಮಾರಿದರೆ ಬರುವುದು ಬಂಡವಾಳ ಸ್ವೀಕೃತಿ. ಅದರಲ್ಲಿ ಲಾಭವಿದ್ದರೆ, ಮತ್ತು ಆ ವಸ್ತು ಕಾನೂನಿನ ಪ್ರಕಾರ "ಬಂಡವಾಳ ಆಸ್ತಿ" ಆಗಿದ್ದರೆ ಮಾತ್ರ, ಬಂಡವಾಳ ಲಾಭದ ತೆರಿಗೆ ಬರುತ್ತದೆ.

1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 2(14) ಬಂಡವಾಳ ಆಸ್ತಿ ಎಂದರೇನು ಎಂದು ಹೇಳುತ್ತದೆ. ನಾವು ಅಥವಾ ನಮ್ಮನ್ನು ಅವಲಂಬಿಸಿದ ಕುಟುಂಬದವರು ಸ್ವಂತಕ್ಕೆ ಬಳಸುವ ಚರ ವಸ್ತುಗಳನ್ನು ಅದು ಹೊರಗಿಡುತ್ತದೆ. ಬಟ್ಟೆ, ಮಂಚ, ಫ್ರಿಜ್, ಮೊಬೈಲ್, ಲ್ಯಾಪ್‌ಟಾಪ್, ಸೈಕಲ್, ಸ್ವಂತ ಬಳಕೆಯ ಸ್ಕೂಟರ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ.

ಉದಾಹರಣೆಗೆ, 14,000 ರೂಪಾಯಿಗೆ ಕೊಂಡ ಮೊಬೈಲನ್ನು 6,500ಕ್ಕೆ ಮಾರಿದರೆ 7,500 ನಷ್ಟ. ತೆರಿಗೆ ಇಲ್ಲ. ಆ ನಷ್ಟವನ್ನು ಬೇರೆ ಲಾಭದಿಂದ ಕಳೆಯುವಂತೆಯೂ ಇಲ್ಲ. ಇನ್ನೊಬ್ಬರು 5,000ಕ್ಕೆ ಕೊಂಡು ಓಡಿಸಿದ ಹಳೆ ಬೈಕಿಗೆ ಬೇಡಿಕೆ ಬಂದು 9,000ಕ್ಕೆ ಮಾರಿದರು ಎನ್ನೋಣ. 4,000 ಲಾಭ ಬಂದಿದೆ, ಆದರೂ ತೆರಿಗೆ ಇಲ್ಲ. ಆ ಬೈಕು ಬಂಡವಾಳ ಆಸ್ತಿಯೇ ಅಲ್ಲ. ಆನ್‌ಲೈನಿನಲ್ಲಿ ಮಾರಿದರೂ ಪಕ್ಕದ ಮನೆಯವರಿಗೆ ಮಾರಿದರೂ ಉತ್ತರ ಒಂದೇ.

ಒಂದು ಎಚ್ಚರಿಕೆ: ಅಂಗಡಿಯ ಲೆಕ್ಕದಲ್ಲಿ ಸವಕಳಿ ತೋರಿಸಿದ ವಾಹನ ಅಥವಾ ಕಂಪ್ಯೂಟರ್ ಸ್ವಂತ ಬಳಕೆಯ ವಸ್ತುವಲ್ಲ. ಅದು ವ್ಯಾಪಾರದ ಆಸ್ತಿ, ಅದರ ಲೆಕ್ಕ ಬೇರೆ.

ಚಿನ್ನದ ವಿಷಯ ಹಾಗಲ್ಲ

ಸ್ವಂತ ಬಳಕೆಯ ವಸ್ತುಗಳಿಗೆ ಕೊಟ್ಟ ಈ ವಿನಾಯಿತಿ ಕೆಲವಕ್ಕೆ ಸಿಗುವುದಿಲ್ಲ. ಆಭರಣ, ಚಿತ್ರಕಲೆ, ಶಿಲ್ಪ, ಇತರ ಕಲಾಕೃತಿಗಳು ಮತ್ತು ಪುರಾತತ್ವ ಸಂಗ್ರಹಗಳು ಅಂಥವು. ದಿನವೂ ಕೈಯಲ್ಲಿ ಹಾಕಿಕೊಳ್ಳುವ ಬಳೆಯೂ ಕಾನೂನಿನ ಕಣ್ಣಿಗೆ ಬಂಡವಾಳ ಆಸ್ತಿಯೇ.

ಈ ವರ್ಷ ನಮ್ಮ ಮನೆಯಲ್ಲೇ ಈ ಪ್ರಶ್ನೆ ಬಂತು. ಆಪಾಳ ನರ್ಸಿಂಗ್ ಫೀಸಿಗೆ ಅಮ್ಮಿ ಬಳೆ ಮಾರಲು ಹೊರಟರು. ಮದುವೆಗೆ ನಾನಿ ಹಾಕಿದ ಬಳೆಗಳವು. "ಬಿಲ್ಲು ಬೇಡ ಅನ್ನಿ, ನಗದು ತಗೊಳ್ಳಿ, ಟ್ಯಾಕ್ಸ್ ತಪ್ಪುತ್ತದೆ" ಎಂದು ಪರಿಚಯದವರೊಬ್ಬರು ಸಲಹೆ ಕೊಟ್ಟರು. ನಾನು ಕಾಗದ ಪೆನ್ನು ಹಿಡಿದು ಕುಳಿತೆ. ಅರ್ಥವಾಗಲೆಂದು ಇಲ್ಲಿ ಸುಲಭದ ಅಂಕಿಗಳನ್ನು ಹಾಕಿದ್ದೇನೆ.

ನಾನಿ 2005ರಲ್ಲಿ ಕೊಂಡ ಬೆಲೆ: 20,000
ಈಗ ಮಾರಿದ ಬೆಲೆ: 2,70,000
ಬಂಡವಾಳ ಲಾಭ: 2,50,000

ಉಡುಗೊರೆಯಾಗಿ ಬಂದ ಚಿನ್ನಕ್ಕೆ, ಕೊಟ್ಟವರು ಕೊಂಡ ಬೆಲೆಯೇ ನಮ್ಮ ಕೊಂಡ ಬೆಲೆ. ಅವರು ಇಟ್ಟುಕೊಂಡಿದ್ದ ಅವಧಿಯೂ ನಮ್ಮ ಅವಧಿಗೆ ಸೇರುತ್ತದೆ. 24 ತಿಂಗಳಿಗಿಂತ ಹೆಚ್ಚು ಇದ್ದರೆ ಅದು ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಅದರ ದರ 12.5%. ಅದಕ್ಕಿಂತ ಕಡಿಮೆ ಅವಧಿಯಾದರೆ ಲಾಭವು ಇತರ ಆದಾಯದ ಜೊತೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಒಳಪಡುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಚಿನ್ನವಾದರೆ, ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು.

2,50,000ಕ್ಕೆ 12.5% ಎಂದರೆ 31,250. ಅದರ ಮೇಲೆ 4% ಸೆಸ್ 1,250. ಒಟ್ಟು 32,500. ಇದನ್ನು ನೋಡಿ ಯಾರಿಗಾದರೂ ಭಯವಾಗುತ್ತದೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಮೂಲ ವಿನಾಯಿತಿ ಮಿತಿ 4,00,000. ಭಾರತದ ನಿವಾಸಿಗೆ ಬೇರೆ ಆದಾಯ ಈ ಮಿತಿಗಿಂತ ಕಡಿಮೆ ಇದ್ದರೆ, ಉಳಿದ ಭಾಗವನ್ನು ಈ ಲಾಭದಿಂದ ಕಳೆಯಬಹುದು. ಅಮ್ಮಿಗೆ ಬೇರೆ ಆದಾಯವೇ ಇಲ್ಲ. 2,50,000 ಪೂರ್ತಿ ಮಿತಿಯೊಳಗೇ ಬಂತು. ತೆರಿಗೆ ಸೊನ್ನೆ!

ಅಂದರೆ ಬಿಲ್ಲು ಬೇಡ ಎನ್ನುವುದರಿಂದ ಅಮ್ಮಿಗೆ ಒಂದು ರೂಪಾಯಿಯೂ ಉಳಿಯುತ್ತಿರಲಿಲ್ಲ. ಬದಲಿಗೆ ಅಪಾಯವಿತ್ತು. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಸೆಕ್ಷನ್ 269ಎಸ್‌ಟಿ ನಿಷೇಧಿಸುತ್ತದೆ. ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಅಮ್ಮಿ ಬಿಲ್ಲು ಪಡೆದು, ಹಣವನ್ನು ಬ್ಯಾಂಕಿಗೇ ಹಾಕಿಸಿಕೊಂಡರು.

ಇದೇ ಚಿನ್ನ ಸಂಬಳವಿರುವ ಒಬ್ಬರದಾಗಿದ್ದು, ಅವರ ಸಂಬಳವೇ 4 ಲಕ್ಷದ ಮಿತಿಯನ್ನು ದಾಟಿದ್ದರೆ, 32,500 ಕಟ್ಟಬೇಕಿತ್ತು. ಅದನ್ನು ಐಟಿಆರ್-1ರಲ್ಲಿ ತೋರಿಸಲಾಗದು, ಐಟಿಆರ್-2 ಬೇಕು. ನಮ್ಮ ಉಪನ್ಯಾಸಕರು ಇದನ್ನು ಗಮನಿಸಬಹುದು.

ಝಕಾತ್‌ನೊಂದಿಗೆ ಒಂದು ಹೋಲಿಕೆ

ಈ ನಿಯಮ ನಮಗೆ ಹೊಸದೇನಲ್ಲ. ದೀನಿಯಾತ್ ತರಗತಿಯಲ್ಲಿ ಝಕಾತ್ ಪಾಠ ಓದಿದವರಿಗೆ ಇದರ ರೂಪ ಪರಿಚಿತ. ವಾಸದ ಮನೆ, ಬಟ್ಟೆ, ಪಾತ್ರೆ, ವಾಹನಕ್ಕೆ ಝಕಾತ್ ಇಲ್ಲ. ಚಿನ್ನ ಬೆಳ್ಳಿಗೆ ಇದೆ. ಮಾರುವ ಉದ್ದೇಶದಿಂದಲೇ ಕೊಂಡ ಸರಕಿಗೆ ಇದೆ. ಬಳಕೆಗೆಂದು ಕೊಂಡ ವಸ್ತುವನ್ನು ಆಮೇಲೆ ಮಾರಬೇಕು ಅನ್ನಿಸಿದ ಮಾತ್ರಕ್ಕೆ ಅದು ವ್ಯಾಪಾರದ ಸರಕಾಗುವುದಿಲ್ಲ, ಕೊಳ್ಳುವಾಗಿನ ನಿಯ್ಯತ್ ಮುಖ್ಯ. ಇದು ಹನಫಿ ಮದ್ಹಬ್‌ನ ಮಾತು. ತೊಡುವ ಆಭರಣದ ವಿಷಯದಲ್ಲಿ ಕರಾವಳಿಯ ಬ್ಯಾರಿ ಮತ್ತು ಭಟ್ಕಳದ ನವಾಯತ ಗೆಳೆಯರು ಅನುಸರಿಸುವ ಶಾಫಿ ಮದ್ಹಬ್‌ನಲ್ಲಿ ವಿನಾಯಿತಿಯಿದೆ.

ವ್ಯತ್ಯಾಸವನ್ನೂ ಹೇಳಬೇಕು. ಝಕಾತ್ ಇರುವ ಸಂಪತ್ತಿನ ಮೇಲೆ ಪ್ರತಿ ಚಾಂದ್ರ ವರ್ಷ 2.5%. ಬಂಡವಾಳ ಲಾಭದ ತೆರಿಗೆ ಮಾರಿದಾಗ, ಲಾಭದ ಮೇಲೆ ಮಾತ್ರ. ಒಂದನ್ನು ಕೊಟ್ಟರೆ ಇನ್ನೊಂದು ತೀರುವುದಿಲ್ಲ. ಇನ್ನೊಂದು ವ್ಯತ್ಯಾಸವೆಂದರೆ ನಿಯ್ಯತ್ ಅಲ್ಲಾಹನಿಗೆ ಗೊತ್ತು, ತೆರಿಗೆ ಅಧಿಕಾರಿಗೆ ಗೊತ್ತಿಲ್ಲ. ಅವರಿಗೆ ಕಾಗದ ತೋರಿಸಬೇಕು.

ಯಾವಾಗ ಅದು ವ್ಯಾಪಾರ?

ಒಬ್ಬ ವಿದ್ಯಾರ್ಥಿ ಮೇ ತಿಂಗಳಲ್ಲಿ ಸೀನಿಯರ್‌ಗಳಿಂದ 40 ಸೆಟ್ ಪುಸ್ತಕಗಳನ್ನು ತಲಾ 300ಕ್ಕೆ ಕೊಂಡು, ಜೂನ್‌ನಲ್ಲಿ ತಲಾ 500ಕ್ಕೆ ಮಾರುತ್ತಾನೆ ಎನ್ನಿ. ಪುಸ್ತಕ ಹಳೆಯದೇ, ಆದರೆ ಕೊಂಡದ್ದು ಓದಲಿಕ್ಕಲ್ಲ, ಮಾರಲಿಕ್ಕೆ. ಇದು ವ್ಯಾಪಾರ, 8,000 ರೂಪಾಯಿ ವ್ಯಾಪಾರದ ಆದಾಯ. ಇಷ್ಟು ಸಣ್ಣ ಆದಾಯಕ್ಕೆ ತೆರಿಗೆ ಬೀಳದಿರಬಹುದು, ಆದರೆ ಹೆಸರು ಬದಲಾಯಿತು. ಇಂಥ ವ್ಯಾಪಾರವನ್ನು ಹೊರರಾಜ್ಯಕ್ಕೆ ವಿಸ್ತರಿಸುವ ಮೊದಲು ಜಿಎಸ್‌ಟಿ ನೋಂದಣಿಯ ನಿಯಮ ಕೇಳಿ ತಿಳಿಯಬೇಕು.

18 ತುಂಬದ ನಮ್ಮ ಆದಾಯ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ, ಇಬ್ಬರಲ್ಲಿ ಯಾರ ಆದಾಯ ಹೆಚ್ಚೋ ಅವರದಕ್ಕೆ. ಆದರೆ ಸ್ವಂತ ದುಡಿಮೆ, ಕೌಶಲ ಅಥವಾ ಪ್ರತಿಭೆಯಿಂದ ಗಳಿಸಿದ್ದು ನಮ್ಮ ಹೆಸರಿನಲ್ಲೇ ಉಳಿಯುತ್ತದೆ.

ಇ-ಕಾಮರ್ಸ್ ತಾಣಗಳು ಮಾರಾಟಗಾರರಿಂದ ಟಿಡಿಎಸ್ ಹಿಡಿಯಬೇಕು ಎಂಬ ಸೆಕ್ಷನ್ 194-ಓ ಕೂಡ ಇದೆ. ಮೊದಲು 1% ಇದ್ದ ದರ 2024ರ ಅಕ್ಟೋಬರ್ 1ರಿಂದ 0.1% ಆಗಿದೆ. ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಯ ಮಾರಾಟ ವರ್ಷಕ್ಕೆ 5 ಲಕ್ಷ ದಾಟದಿದ್ದರೆ ಹಿಡಿಯುವುದಿಲ್ಲ. ಹಿಡಿದರೂ ಅದು ಮುಂಗಡ ಮಾತ್ರ, ರಿಟರ್ನ್ಸ್ ಸಲ್ಲಿಸಿ ಹಿಂದೆ ಪಡೆಯಬಹುದು.

ಏನು ಇಟ್ಟುಕೊಳ್ಳಬೇಕು?

ಹಳೆ ಬಿಲ್ಲು ಅಥವಾ ಅದರ ಫೋಟೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಬಂದ ಯುಪಿಐ ಸಂಖ್ಯೆ. ಇಷ್ಟು ಸಾಕು. ವಾಹನವಾದರೆ ಆರ್‌ಸಿ ವರ್ಗಾವಣೆ ಮುಗಿಯುವವರೆಗೆ ಬಿಡಬೇಡಿ. ಯಾರಾದರೂ "ಈ ಹಣ ಎಲ್ಲಿಂದ ಬಂತು?" ಎಂದು ಕೇಳಿದರೆ ಉತ್ತರ ಕೈಯಲ್ಲಿರಬೇಕು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ: ವಸ್ತು ಯಾವುದು? ಯಾಕೆ ಕೊಂಡದ್ದು? ದಾಖಲೆ ಇದೆಯೇ?

ಅಭ್ಯಾಸಕ್ಕೆ

1. 52,000ಕ್ಕೆ ಕೊಂಡು ಮೂರು ವರ್ಷ ಓದಿಗೆ ಬಳಸಿದ ಲ್ಯಾಪ್‌ಟಾಪನ್ನು 21,000ಕ್ಕೆ ಮಾರಿದರೆ?
2. 10,000ಕ್ಕೆ ಕೊಂಡು ಮೂರು ವರ್ಷ ಗೋಡೆಗೆ ಹಾಕಿದ್ದ ವರ್ಣಚಿತ್ರವನ್ನು 16,000ಕ್ಕೆ ಮಾರಿದರೆ?
3. ಆರು ಹಳೆ ಮೊಬೈಲುಗಳನ್ನು 30,000ಕ್ಕೆ ಕೊಂಡು, ರಿಪೇರಿಗೆ 6,000 ಖರ್ಚು ಮಾಡಿ, 48,000ಕ್ಕೆ ಮಾರಿದರೆ?

ಉತ್ತರ: 1. ತೆರಿಗೆ ಇಲ್ಲ, 31,000 ನಷ್ಟ ಲೆಕ್ಕಕ್ಕೆ ಬರುವುದಿಲ್ಲ. 2. ಕಲಾಕೃತಿಗೆ ವಿನಾಯಿತಿ ಇಲ್ಲ, 6,000 ದೀರ್ಘಾವಧಿ ಬಂಡವಾಳ ಲಾಭ. 3. 12,000 ವ್ಯಾಪಾರದ ಆದಾಯ.